ಪೆರೋಲ್: ಎರವಲು ದಿನಗಳ ಲೆಕ್ಕ

ದೊಡ್ಡ ಜೈಲುಗಳ ಹೆಬ್ಬಾಗಿಲಿನಲ್ಲಿ ಒಂದು ಗಿಡ್ಡ ಬಾಗಿಲಿರುತ್ತದೆ. ತಲೆ ತಗ್ಗಿಸದೆ ಅದನ್ನು ದಾಟಲಾಗದು. ಹಿಂಡಲಗಾದಲ್ಲೋ ಪರಪ್ಪನ ಅಗ್ರಹಾರದಲ್ಲೋ ಬೆಳಗಿನ ಹೊತ್ತು ಆ ಬಾಗಿಲಿನಿಂದ ಒಬ್ಬ ಹೊರಬರುತ್ತಾನೆ. ಹೆಗಲಿಗೆ ಬಟ್ಟೆಯ ಚೀಲ, ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಆದೇಶದ ಪ್ರತಿ. ರಸ್ತೆಯಾಚೆ ತಮ್ಮನೋ ಭಾವಮೈದುನನೋ ಬೈಕು ನಿಲ್ಲಿಸಿಕೊಂಡು ಕಾದಿರುತ್ತಾನೆ. ‘ನಾಷ್ಟಾ ಆತೇನು?’ ಎಂದು ಇವನು, ‘ಊರಾಗ ಮಳಿ ಆಗೇತೇನು?’ ಎಂದು ಅವನು. ಅಷ್ಟೇ ಮಾತು. ದಾರಿಯ ಚಹದಂಗಡಿಯಲ್ಲಿ ಎಲ್ಲರೂ ಮೊಬೈಲನ್ನು ಗೋಡೆಗೆ ಅಂಟಿಸಿದ ಚೌಕಕ್ಕೆ ಹಿಡಿದು ದುಡ್ಡು ಕೊಡುವುದನ್ನು ಆತ ಬೆರಗಾಗಿ ನೋಡುತ್ತಾನೆ. ಒಳಗೆ ಹೋದಾಗ ಹತ್ತರ ನೋಟು ಕೊಟ್ಟು ಚಿಲ್ಲರೆ ಎಣಿಸಿಕೊಂಡವನು ಅವನು.

ಊರಿಗೆ ಬಂದ ಕೂಡಲೇ ಠಾಣೆಗೆ ಹೋಗಿ ಮುಖ ತೋರಿಸಬೇಕು. ಪುಸ್ತಕದಲ್ಲಿ ಸಹಿ ಬಿದ್ದ ಮೇಲೆ ಮನೆ.

ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿರುತ್ತದೆ. ‘ಬಿಡುಗಡೆ ಆಯ್ತಂತೆ’ ಎನ್ನುತ್ತಾರೆ ಒಬ್ಬರು. ‘ಜಾಮೀನು ಸಿಕ್ಕಿತಂತೆ’ ಎನ್ನುತ್ತಾರೆ ಇನ್ನೊಬ್ಬರು. ‘ಪೆರೋಲ್ ಮೇಲೆ ಬಂದಾನ’ ಎಂದವರ ಮಾತೊಂದೇ ಸರಿ. ಆದರೆ ಹಾಗೆಂದರೆ ಏನೆಂದು ಕೇಳಿದರೆ ಅವರೂ ತಡವರಿಸುತ್ತಾರೆ.

ಜಾಮೀನು ಬೇರೆ, ಇದು ಬೇರೆ

ಜಾಮೀನು ವಿಚಾರಣೆ ಎದುರಿಸುತ್ತಿರುವವರಿಗೆ ಮತ್ತು ಮೇಲ್ಮನವಿ ಬಾಕಿ ಇರುವವರಿಗೆ ನ್ಯಾಯಾಲಯ ಕೊಡುವಂಥದ್ದು. ಪೆರೋಲ್ ಶಿಕ್ಷೆಯಾದವರಿಗೆ, ಅಂದರೆ ಸಜಾಬಂದಿಗಳಿಗೆ, ಸಾಮಾನ್ಯವಾಗಿ ಸರ್ಕಾರ ಅಥವಾ ಕಾರಾಗೃಹ ಇಲಾಖೆ ಕೊಡುವ ತಾತ್ಕಾಲಿಕ ರಜೆ. ರಜೆ ಮುಗಿದ ದಿನ ಕೈದಿ ತಾನಾಗಿ ಹಿಂದಿರುಗಬೇಕು. ನಟ ದರ್ಶನ್ ಅವರಿಗೆ 2024ರ ಅಕ್ಟೋಬರ್ ಕೊನೆಯಲ್ಲಿ ಚಿಕಿತ್ಸೆಗಾಗಿ ಹೈಕೋರ್ಟ್ ಆರು ವಾರ ಹೊರಗಿರಲು ಬಿಟ್ಟಾಗ ಪೆರೋಲ್ ಎಂದು ಮಾತಾಡಿಕೊಂಡವರಿದ್ದರು. ಅದು ಮಧ್ಯಂತರ ಜಾಮೀನು. ಅವರು ಆಗ ವಿಚಾರಣಾಧೀನ ಕೈದಿ, ಪೆರೋಲ್ ಕೇಳುವ ಹಂತವೇ ಅದಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ತಪ್ಪು ಸಾಬೀತಾಗದ ಈ ದೊಡ್ಡ ಗುಂಪಿಗೆ ಪೆರೋಲಿನ ದಾರಿ ಇಲ್ಲ. ಮನೆಯಲ್ಲಿ ಸಾವಾದರೂ ಅವರು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕು. ಪೊಲೀಸ್ ಕಾವಲಿನಲ್ಲಿ ಕೆಲವು ತಾಸು ಹೋಗಿಬರುವ ‘ಕಸ್ಟಡಿ ಪೆರೋಲ್’ ಮಾತ್ರ ನ್ಯಾಯಾಲಯದ ಕೃಪೆಯಿಂದ ಆಗೀಗ ಅವರಿಗೂ ಸಿಗುತ್ತದೆ. ಕಾಶ್ಮೀರದ ಸಂಸದ ಎಂಜಿನಿಯರ್ ರಶೀದ್ 2025ರ ಫೆಬ್ರುವರಿಯಲ್ಲಿ ಎರಡು ದಿನ ಸಂಸತ್ತಿಗೆ ಹೋಗಿಬಂದದ್ದು ಹಾಗೆ.

ಇನ್ನೊಂದು ಗೊಂದಲ ಸಿನಿಮಾಗಳಿಂದ ಬಂದದ್ದು. ‘ದಿ ಶಾಶಾಂಕ್ ರಿಡೆಂಪ್ಷನ್’ ನೋಡಿದವರಿಗೆ ಪೆರೋಲ್ ಮಂಡಳಿಯ ಮುಂದೆ ವರ್ಷಗಟ್ಟಲೆ ಕೈಕಟ್ಟಿ ಕೂರುವ ರೆಡ್ ನೆನಪಿರುತ್ತಾನೆ. ಅಮೆರಿಕದಲ್ಲಿ ಪೆರೋಲ್ ಎಂದರೆ ಅವಧಿಗೆ ಮೊದಲೇ ಬಿಟ್ಟು, ಉಳಿದ ಶಿಕ್ಷೆಯನ್ನು ಅಧಿಕಾರಿಯ ನಿಗಾದಲ್ಲಿ ಹೊರಗೆ ಕಳೆಯಲು ಹೇಳುವುದು. ಅಲ್ಲಿನ ಕೇಂದ್ರ ಸರ್ಕಾರ 1984ರ ಕಾನೂನಿನಿಂದ ಆ ಪದ್ಧತಿಯನ್ನೇ ಕೈಬಿಟ್ಟಿತು, ಹಲವು ರಾಜ್ಯಗಳಲ್ಲಿ ಇನ್ನೂ ಉಳಿದಿದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ‘ಅವಧಿಪೂರ್ವ ಬಿಡುಗಡೆ’. ನಮ್ಮ ಪೆರೋಲಿನವನು ಮರಳಲೇಬೇಕು.

ಇದರ ಜತೆಗೆ ಫರ್ಲೋ ಎಂಬುದೊಂದಿದೆ. ಪೆರೋಲಿಗೆ ಕಾರಣ ಬೇಕು: ಕಾಯಿಲೆ, ಮದುವೆ, ಸಾವು, ಕುಸಿದ ಮನೆ. ಫರ್ಲೋಗೆ ಕಾರಣ ಬೇಡ. ದೀರ್ಘ ಶಿಕ್ಷೆಯವರು ಒಂದಷ್ಟು ವರ್ಷ ಸನ್ನಡತೆಯಿಂದ ಇದ್ದರೆ, ಜೈಲಿನ ಏಕತಾನದಿಂದ ಬಿಡುವು ಸಿಗಲೆಂದು ಕೊಡುವ ರಜೆ ಅದು. ದೆಹಲಿಯ 2018ರ ನಿಯಮಗಳಲ್ಲಿ ವರ್ಷಕ್ಕೆ ಏಳು ವಾರದ ಫರ್ಲೋ ಉಂಟು. ಕಾರಣ ಹೇಳಿ ಪಡೆಯುವ ಪೆರೋಲ್ ಎಂಟು ವಾರ ಮೀರುವಂತಿಲ್ಲ. ಕಾವಲಿನೊಂದಿಗೆ ಹೋಗುವ ಪೆರೋಲಿಗೆ ಆರೇ ತಾಸು.

ದ್ವೀಪದಿಂದ ಔಂಧ್‌ವರೆಗೆ

ಪೆರೋಲಿನ ಬೇರು ಯುದ್ಧಗಳಲ್ಲಿದೆ. ಯುದ್ಧಕೈದಿಗಳನ್ನು ‘ಮತ್ತೆ ಆಯುಧ ಹಿಡಿಯುವುದಿಲ್ಲ’ ಎಂದು ಮಾತು ಪಡೆದು ಬಿಟ್ಟುಬಿಡುವ ರೂಢಿ ಯುರೋಪಿನಲ್ಲಿ ಹಳೆಯದು. ಅದನ್ನು ಸಾಮಾನ್ಯ ಕೈದಿಗಳತ್ತ ತಿರುಗಿಸಿದವರಲ್ಲಿ ಮುಖ್ಯನಾದವನು ಅಲೆಕ್ಸಾಂಡರ್ ಮಕಾನಕಿ, ಸ್ವತಃ ಫ್ರೆಂಚರ ಸೆರೆಯಲ್ಲಿದ್ದು ಬಂದ ಬ್ರಿಟಿಷ್ ನೌಕಾಧಿಕಾರಿ. 1840ರಲ್ಲಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ಕಠೋರ ಸೆರೆಶಿಬಿರದ ಹೊಣೆ ಹೊತ್ತ ಆತ, ಕೈದಿಗಳು ದುಡಿಮೆ ಮತ್ತು ನಡತೆಯಿಂದ ಅಂಕ ಗಳಿಸಿ ಹಂತಹಂತವಾಗಿ ಸಡಿಲಿಕೆ ಪಡೆಯುವ ವ್ಯವಸ್ಥೆ ತಂದ. ಮೆದುವಾದನೆಂದು ನಾಲ್ಕೇ ವರ್ಷದಲ್ಲಿ ಅವನನ್ನು ತೆಗೆದರು. ಆದರೆ ಆಲೋಚನೆ ಐರ್ಲೆಂಡಿಗೆ ಹೋಯಿತು, ಅಲ್ಲಿಂದ ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಸುಧಾರಣಾಗೃಹಕ್ಕೆ.

ಭಾರತದ ಜೈಲುಗಳನ್ನು ಬಹುಕಾಲ ಆಳಿದ 1894ರ ಕಾರಾಗೃಹ ಕಾಯ್ದೆ ಶಿಸ್ತಿನ ಕಾಯ್ದೆ. ಬೇಡಿ, ದಂಡನೆ, ಕಾವಲು ಅದರ ಕಾಳಜಿ. ಕೈದಿಯ ಮನೆ ಅದರ ಕಣ್ಣಿಗೆ ಬಿದ್ದಿರಲಿಲ್ಲ. ಸಂವಿಧಾನವು ಜೈಲನ್ನು ರಾಜ್ಯಪಟ್ಟಿಗೆ ಸೇರಿಸಿದ್ದರಿಂದ ಒಂದೊಂದು ರಾಜ್ಯ ಒಂದೊಂದು ನಿಯಮ ಬರೆದುಕೊಂಡಿತು. ಮುಂಬೈ ಸರ್ಕಾರ 1959ರಲ್ಲೇ ಫರ್ಲೋ ಮತ್ತು ಪೆರೋಲ್ ನಿಯಮ ಮಾಡಿತು. ನಮ್ಮಲ್ಲಿ 1963ರ ಕಾರಾಗೃಹ ಕಾಯ್ದೆ, 1974ರ ನಿಯಮಗಳು, ಈಚೆಗೆ 2021ರ ಕೈಪಿಡಿ ಇವೆ.

ಕೈದಿಯನ್ನು ನಂಬಿ ಬಿಡಬಹುದೇ ಎಂಬ ಪ್ರಶ್ನೆಗೆ ನಮ್ಮ ಪಕ್ಕದಲ್ಲೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ಹೇಳದಿರಲಾಗದು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್, ಗಾಂಧಿಯ ಸಹವಾಸಕ್ಕೆ ಬಿದ್ದು ಭಾರತಾನಂದ ಎನಿಸಿಕೊಂಡು, 1930ರ ದಶಕದ ಕೊನೆಗೆ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನಕ್ಕೆ ಹೋದರು. ಅಲ್ಲಿ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಹುಟ್ಟಿತು. ಕೊಲೆ ಆರೋಪ ಸಾಬೀತಾದವರು ಬೇಲಿಯಿಲ್ಲದ ಹೊಲದಲ್ಲಿ ಉತ್ತು ಬಿತ್ತಿದರು. ಶಾಂತಾರಾಮ್ ಅವರ ‘ದೋ ಆಂಖೇಂ ಬಾರಹ್ ಹಾಥ್’ (1957) ಚಿತ್ರದ ಹಿಂದಿರುವುದು ಈ ಸ್ವತಂತ್ರಪುರ. ಕರ್ನಾಟಕದ ಬಯಲು ಬಂದೀಖಾನೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿದೆ. ಕಾಫಿ ಅಂಗಡಿಗಳ ಬೆಂಗಳೂರು ಕೋರಮಂಗಲ ಅದಲ್ಲ.

ಅರ್ಜಿ ನಡೆಯುವ ದಾರಿ

ಅರ್ಜಿ ಶುರುವಾಗುವುದು ಬ್ಯಾರಕ್ಕಿನಿಂದ. ಕೈದಿ ಅಥವಾ ಮನೆಯವರು ಕಾರಾಗೃಹದ ಅಧೀಕ್ಷಕರಿಗೆ ಬರೆದುಕೊಡುತ್ತಾರೆ. ಕಾರಣಕ್ಕೆ ದಾಖಲೆ ಬೇಕು: ತಾಯಿಯ ಆಸ್ಪತ್ರೆ ಚೀಟಿ, ತಂಗಿಯ ಲಗ್ನಪತ್ರಿಕೆ, ಮನೆ ಬಿದ್ದಿದ್ದರೆ ಪಂಚಾಯಿತಿಯ ಪತ್ರ. ಜೈಲು ತನ್ನ ಕಡೆಯ ಮಾಹಿತಿ ಸೇರಿಸುತ್ತದೆ. ಎಷ್ಟು ಶಿಕ್ಷೆ, ಎಷ್ಟು ಮುಗಿದಿದೆ, ಒಳಗೆ ಜಗಳ ಕಾದಿದ್ದಾನೆಯೇ, ಹಿಂದೆ ಹೋದಾಗ ಹೊತ್ತಿಗೆ ಸರಿಯಾಗಿ ಬಂದಿದ್ದಾನೆಯೇ.

ಆಮೇಲೆ ಕಾಗದ ಪೊಲೀಸರಿಗೆ ಹೋಗುತ್ತದೆ. ಅರ್ಜಿಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗುವುದು ಇಲ್ಲೇ. ಜಿಲ್ಲಾ ಕಚೇರಿಯಿಂದ ಠಾಣೆಗೆ, ಠಾಣೆಯಿಂದ ಊರಿಗೆ ಇಳಿದುಬರುವ ವಿಚಾರಣೆ ಯಾವುದೋ ಮಧ್ಯಾಹ್ನ ಒಬ್ಬ ಪೇದೆಯ ಬೈಕಿನಲ್ಲಿ ಬಂದು ನಿಲ್ಲುತ್ತದೆ. ಆತ ಮನೆಯವರನ್ನು ಕೇಳುತ್ತಾನೆ, ಅಕ್ಕಪಕ್ಕದವರನ್ನು ಕೇಳುತ್ತಾನೆ, ಕೊಲೆಯಾದವನ ಮನೆ ಅದೇ ಓಣಿಯಲ್ಲಿದ್ದರೆ ಅಲ್ಲಿಗೂ ಹೋಗುತ್ತಾನೆ. ‘ಬಂದರೆ ಗಲಾಟೆ ಆಗಬಹುದು’ ಎಂಬ ಒಂದು ಸಾಲು ಬರೆಯುವುದು ಸುಲಭ. ಬೇಡ ಎಂದು ಬರೆದು ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಬರಲಿ ಎಂದು ಬರೆದು ಏನಾದರೂ ಆದರೆ ಬರೆದವನ ಕುತ್ತಿಗೆಗೆ ಬರುತ್ತದೆ. ಬೇಡ ಎನ್ನುವ ವರದಿಗಳೇ ಹೆಚ್ಚು ಸಲೀಸಾಗಿ ಹುಟ್ಟುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಪ್ಪಿಗೆ ಸಿಕ್ಕರೂ ಮುಗಿಯಲಿಲ್ಲ. ಮುಚ್ಚಳಿಕೆ ಬರೆದುಕೊಡಬೇಕು, ಜಾಮೀನುದಾರರು ಬೇಕು. ಪಹಣಿ ಹಿಡಿದು ಜೈಲಿನವರೆಗೂ ಬಂದು ಸಹಿ ಹಾಕುವಷ್ಟು ಆಪ್ತರು, ಕೊಲೆ ಮಾಡಿ ಒಳಹೋದವನಿಗೆ, ಹತ್ತು ವರ್ಷದ ಮೇಲೆ ಎಷ್ಟು ಜನ ಉಳಿದಿರುತ್ತಾರೆ? ಹೆಂಗಸರ ಪಾಡು ಇನ್ನೂ ಬಿಗಿ. ಗಂಡ ಜೈಲಿಗೆ ಹೋದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಸಂದರ್ಶನದ ಸರದಿಯಲ್ಲಿ ನಿಲ್ಲುತ್ತಾಳೆ. ಹೆಂಡತಿ ಹೋದರೆ ಎಷ್ಟೋ ಮನೆಗಳಲ್ಲಿ ಅವಳ ಹೆಸರು ಎತ್ತುವವರೂ ಇರುವುದಿಲ್ಲ.

ಬೇರೆಯವರ ಮದುವೆಯಾದರೆ ಸರಿ

ಅರ್ಜಿ ತಿರಸ್ಕೃತವಾದರೆ ಅಥವಾ ಮೇಜಿನ ಮೇಲೆ ಕೊಳೆಯುತ್ತ ಬಿದ್ದರೆ ಉಳಿಯುವ ದಾರಿ ಹೈಕೋರ್ಟ್. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳ ಮುಂದೆ ಇಂಥ ರಿಟ್ ಅರ್ಜಿಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವು, ನಿಯಮ ಬರೆದವರು ಯೋಚಿಸಿರದ ಪ್ರಶ್ನೆಗಳನ್ನು ಎತ್ತಿವೆ.

2023ರಲ್ಲಿ ಕೊಲೆ ಪ್ರಕರಣದ ಕೈದಿಯೊಬ್ಬನ ತಾಯಿ ಮತ್ತು ಅವನು ಪ್ರೀತಿಸಿದ ಹುಡುಗಿ ಹೈಕೋರ್ಟಿಗೆ ಬಂದರು. ಹುಡುಗಿಗೆ ಮನೆಯಲ್ಲಿ ಬೇರೆ ಸಂಬಂಧ ನೋಡುತ್ತಿದ್ದಾರೆ, ಮದುವೆಗಾಗಿ ಅವನನ್ನು ಬಿಡಿ ಎಂಬುದು ಕೋರಿಕೆ. ಸರ್ಕಾರದ ವಕೀಲರ ವಾದ ನಿಯಮದ ಅಕ್ಷರಕ್ಕೆ ತಕ್ಕಂತೆಯೇ ಇತ್ತು: ಕೈದಿ ಬೇರೆ ಯಾರದಾದರೂ ಮದುವೆ ಮಾಡಿಸಬೇಕಿದ್ದರೆ ಮಾತು ಬೇರೆ, ತನ್ನ ಮದುವೆಗೆಂದು ಪೆರೋಲ್ ಕೊಡಲು ಅವಕಾಶವಿಲ್ಲ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ‘ಅಸಾಧಾರಣ ಸಂದರ್ಭ’ ಎಂಬ ಕಿಂಡಿಯನ್ನು ಬಳಸಿ ಹದಿನೈದು ದಿನ ಕೊಟ್ಟರು. ಮದುವೆ ಆಯಿತು. ಮರುವರ್ಷ ಆ ಹೆಣ್ಣುಮಗಳು ಮತ್ತೆ ಬಂದು, ತಾಯಿಯಾಗುವ ಹಕ್ಕು ತನಗಿಲ್ಲವೇ ಎಂದು ಕೇಳಿದಾಗ ಇನ್ನೊಂದು ಪೀಠ 30 ದಿನ ಕೊಟ್ಟಿತು. ಶಿಕ್ಷೆ ಆದದ್ದು ಗಂಡನಿಗೆ, ಹೆಂಡತಿಗಲ್ಲ ಎಂಬ ಸರಳ ಸಂಗತಿಯನ್ನು ಪೆರೋಲಿನ ಚರ್ಚೆಗೆ ಇಷ್ಟು ನೇರವಾಗಿ ತಂದ ಪ್ರಕರಣಗಳು ಕಡಿಮೆ.

2024ರ ಕೊನೆಯಲ್ಲಿ ಇನ್ನೊಂದು ಆದೇಶ. ಹನ್ನೊಂದು ವರ್ಷ ಒಳಗಿದ್ದು ಒಮ್ಮೆಯೂ ಹೊರಬರದ ಜೀವಾವಧಿ ಕೈದಿಯೊಬ್ಬ, ತಂದೆಯ ಜಮೀನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಗಂಡಸರಿಲ್ಲವೆಂದು ಕೇಳಿಕೊಂಡಿದ್ದ. ಹೈಕೋರ್ಟ್ 90 ದಿನ ಕೊಟ್ಟಿತು. ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ, ಅಪರಾಧ ಎಸಗಿದರೆ ಪೆರೋಲ್ ರದ್ದು ಎಂಬ ಷರತ್ತಿನೊಂದಿಗೆ. ಒಂದು ಬೆಳೆ ಬಿತ್ತಿ ಕೊಯ್ಯುವಷ್ಟು ಕಾಲ.

ಅಪರಾಧ ಘೋರವಾಗಿದ್ದರೆ ಪೆರೋಲ್ ಇಲ್ಲವೇ? ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರಿನ ಅಸ್ಫಾಕ್ ಪ್ರಕರಣದಲ್ಲಿ ಇದನ್ನು ವಿವರವಾಗಿ ನೋಡಿತು. ಅಪರಾಧದ ಸ್ವರೂಪ ಒಂದನ್ನೇ ಹಿಡಿದು ಬಾಗಿಲು ಮುಚ್ಚಬಾರದು, ಆತ ತಿದ್ದಿಕೊಳ್ಳುತ್ತಿದ್ದಾನೆಯೇ ಎಂದು ನೋಡಬೇಕು, ಹಾಗೆಯೇ ಸಮಾಜಕ್ಕೆ ಅಪಾಯವಾಗುವವರನ್ನು ಬಿಡಲೂಬಾರದು ಎಂದಿತು. ತತ್ವ ಹೇಳಿದ ಅದೇ ತೀರ್ಪಿನಲ್ಲಿ ಅರ್ಜಿದಾರನಿಗೆ ಮಾತ್ರ ಪೆರೋಲ್ ಸಿಗಲಿಲ್ಲ. ಆತ 1993ರ ಡಿಸೆಂಬರಿನ ರೈಲು ಸ್ಫೋಟಗಳ ಅಪರಾಧಿ.

ತೀರಿಸಬೇಕಾದ ದಿನಗಳು

ಪೆರೋಲಿನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು: ಹೊರಗೆ ಕಳೆದ ದಿನಗಳು ಸಾಮಾನ್ಯವಾಗಿ ಶಿಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಅವು ಸಾಲ ತಂದ ದಿನಗಳು. ತೊಂಬತ್ತು ದಿನ ಊರಲ್ಲಿದ್ದವನು ಕೊನೆಗೆ ತೊಂಬತ್ತು ದಿನ ಹೆಚ್ಚು ಒಳಗಿರಬೇಕು. ಫರ್ಲೋ ಹಾಗಲ್ಲ, ಅದು ಗಳಿಸಿಕೊಂಡ ರಜೆಯಾದ್ದರಿಂದ ಶಿಕ್ಷೆ ಕಳೆದಂತೆಯೇ ಲೆಕ್ಕ. ಹರಿಯಾಣದ ಒಂದು ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಈ ಎರಡರ ಸ್ವರೂಪ ಬಿಡಿಸಿ ಹೇಳಿತ್ತು.

ಜೀವಾವಧಿ ಕೈದಿಗೆ ಈ ಲೆಕ್ಕ ಇನ್ನೂ ದುಬಾರಿ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದರೆ, 14 ವರ್ಷ ನಿಜವಾಗಿ ಜೈಲಿನಲ್ಲಿ ಕಳೆಯದೆ ಬಿಡುಗಡೆಯ ಪ್ರಸ್ತಾಪವೇ ಬರಕೂಡದು ಎಂದು 1978ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಆ ಹದಿನಾಲ್ಕರಲ್ಲಿ ಪೆರೋಲ್ ದಿನಗಳು ಸೇರುತ್ತವೆಯೇ? ಗೋವಾದ ಕೈದಿಗಳ ಪ್ರಕರಣದಲ್ಲಿ 2023ರ ಜನವರಿ 5ರಂದು ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಕೊಟ್ಟ ಕಾರಣ ಗಮನಾರ್ಹ: ಸೇರಿಸಿದರೆ ಪ್ರಭಾವಿಗಳು ಮತ್ತೆಮತ್ತೆ ಪೆರೋಲ್ ಗಿಟ್ಟಿಸಿಕೊಂಡು ಹೊರಗೇ ಶಿಕ್ಷೆ ಮುಗಿಸಿಬಿಡಬಹುದು.

ಕೊರೊನಾ ಕಾಲದಲ್ಲಿ ಇದೇ ಲೆಕ್ಕ ಸಾವಿರಾರು ಮನೆಗಳ ತಲೆಬಿಸಿಯಾಯಿತು. ಕಿಕ್ಕಿರಿದ ಜೈಲುಗಳಲ್ಲಿ ಸೋಂಕು ಹರಡೀತೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ರಾಜ್ಯಗಳಿಗೆ ಉನ್ನತಾಧಿಕಾರ ಸಮಿತಿ ರಚಿಸಲು ಹೇಳಿತು. ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದೆಂದು ಆ ಸಮಿತಿಗಳು ಆರಿಸಿದವು. 2023ರ ಮಾರ್ಚ್ 24ರಂದು, ಹದಿನೈದು ದಿನದೊಳಗೆ ಎಲ್ಲರೂ ಶರಣಾಗಬೇಕೆಂಬ ಆದೇಶ ಬಂತು. ಆ ನಡುವಿನ ಅವಧಿಯಲ್ಲಿ ಗಾರೆ ಕೆಲಸ ಹಿಡಿದವರು, ಟ್ರ್ಯಾಕ್ಟರ್ ಓಡಿಸಿದವರು, ಮಗಳ ಮದುವೆ ಮಾಡಿದವರು ಮತ್ತೆ ಅದೇ ಗಿಡ್ಡ ಬಾಗಿಲಿನತ್ತ ನಡೆಯಬೇಕಾಯಿತು.

ಯಾರಿಗೆ ಸುಲಭ

ಪ್ರಭಾವಿಗಳ ಬಗ್ಗೆ ನ್ಯಾಯಾಲಯ ಸುಮ್ಮನೆ ಅನುಮಾನಿಸಲಿಲ್ಲ. ಇಬ್ಬರು ಶಿಷ್ಯೆಯರ ಮೇಲಿನ ಅತ್ಯಾಚಾರಕ್ಕಾಗಿ 2017ರಲ್ಲಿ 20 ವರ್ಷದ ಶಿಕ್ಷೆಯಾದ ಹರಿಯಾಣದ ಡೇರಾ ಸಚ್ಚಾ ಸೌದಾ ಪಂಥದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ 2019ರಲ್ಲಿ ಕೇಳಿದ್ದೂ ಬೇಸಾಯಕ್ಕಾಗಿ ಪೆರೋಲ್. ಕಂದಾಯ ಅಧಿಕಾರಿಗಳು ನೋಡಿದರೆ ಡೇರಾ ಇರುವ ಕಡೆ ಅವನ ಹೆಸರಿನಲ್ಲಿ ಜಮೀನೇ ಇರಲಿಲ್ಲ. ಅರ್ಜಿ ವಾಪಸಾಯಿತು. ಆಮೇಲೆ 2022ರಲ್ಲಿ ಹರಿಯಾಣ ಹೊಸ ಕಾನೂನು ತಂದಿತು. ವರ್ಷಕ್ಕೆ ಹತ್ತು ವಾರ ಪೆರೋಲ್, ಮೇಲೆ ಮೂರು ವಾರ ಫರ್ಲೋ. 2024ರ ಜನವರಿಯಲ್ಲಿ 50 ದಿನ, ವಿಧಾನಸಭೆ ಚುನಾವಣೆಯ ಮುನ್ನ ಅಕ್ಟೋಬರಿನಲ್ಲಿ 20 ದಿನ, 2025ರ ಜನವರಿಯಲ್ಲಿ 30, ಏಪ್ರಿಲ್‌ನಲ್ಲಿ 21, ಆಗಸ್ಟ್‌ನಲ್ಲಿ 40 ದಿನ ಅವನು ಹೊರಗಿದ್ದ. ಕಾನೂನು ಎಲ್ಲ ಕೈದಿಗಳಿಗೂ ಒಂದೇ ಎಂಬುದು ಸರ್ಕಾರದ ಉತ್ತರ. ಕಾಗದದ ಮೇಲೆ ಅದು ನಿಜವೂ ಹೌದು. ಆದರೆ ರಜೆಗೂ ಚುನಾವಣೆಗೂ ತಾಳೆ ಬೀಳುವುದು ಎಲ್ಲ ಕೈದಿಗಳ ವಿಷಯದಲ್ಲಿ ಕಾಣುವುದಿಲ್ಲ.

ಜೆಸ್ಸಿಕಾ ಲಾಲ್ ಕೊಲೆಯ ಅಪರಾಧಿ ಮನು ಶರ್ಮಾ 2009ರಲ್ಲಿ ತಾಯಿಯ ಅನಾರೋಗ್ಯ ಮತ್ತಿತರ ಕಾರಣ ಕೊಟ್ಟು ಹೊರಬಂದು ದೆಹಲಿಯ ನೈಟ್‌ಕ್ಲಬ್‌ನಲ್ಲಿ ಕಾಣಿಸಿಕೊಂಡ. ಗದ್ದಲ ಎದ್ದು ತಿಹಾರ್ ಜೈಲಿಗೆ ಮರಳಿದ. ಮರುವರ್ಷ ದೆಹಲಿ ಸರ್ಕಾರ ಪೆರೋಲಿಗೆ ಮಾರ್ಗಸೂಚಿ ಪ್ರಕಟಿಸಿತು.

ಹೆಸರಾಂತ ಕೈದಿಯ ಪೆರೋಲ್ ನಿಯಮದಂತೆ ನಡೆದದ್ದೂ ಇದೆ, ನಮ್ಮ ಬೆಂಗಳೂರಿನಲ್ಲೇ. ಪರಪ್ಪನ ಅಗ್ರಹಾರದಲ್ಲಿದ್ದ ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ ಅವರಿಗೆ 2017ರ ಅಕ್ಟೋಬರಿನಲ್ಲಿ ಪತಿಯ ಅಂಗಾಂಗ ಕಸಿಯ ಹೊತ್ತಿಗೆ ಸಿಕ್ಕಿದ್ದು ಐದು ದಿನ. ಹೇಳಿದ ಮನೆಯಲ್ಲೇ ಇರಬೇಕು, ರಾಜಕೀಯ ಕೂಡದು, ಮಾಧ್ಯಮದ ಜತೆ ಮಾತಾಡಕೂಡದು ಎಂಬ ಷರತ್ತುಗಳಿದ್ದವು. 2018ರ ಮಾರ್ಚ್‌ನಲ್ಲಿ ಪತಿ ನಟರಾಜನ್ ತೀರಿಕೊಂಡಾಗ ಹದಿನೈದು ದಿನ ಸಿಕ್ಕಿತು. ಅವಧಿ ಮುಗಿಯುವ ಮೊದಲೇ ಅವರು ಮರಳಿದರು.

ಈಗ ಇನ್ನೊಂದು ತುದಿ ನೋಡಿ. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೇರರಿವಾಳನ್‌ಗೆ ಮೊದಲ ಪೆರೋಲ್ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ, ಬಂಧನವಾಗಿ 26 ವರ್ಷಗಳ ಮೇಲೆ, ಕಾಯಿಲೆ ಬಿದ್ದ ತಂದೆಯನ್ನು ನೋಡಲು. ಹತ್ತೊಂಬತ್ತರ ಹುಡುಗನಾಗಿ ಹೋದವನು ನಲವತ್ತೈದು ದಾಟಿ ಮನೆಯ ಹೊಸ್ತಿಲು ತುಳಿದ.

ಮರಳದವರು

ಪೆರೋಲ್ ಎಂದರೆ ತಲೆಮರೆಸಿಕೊಳ್ಳಲು ಒಳ್ಳೆಯ ಅವಕಾಶ ಎಂಬ ಭಯಕ್ಕೂ ಆಧಾರಗಳಿವೆ. ರಾಜಸ್ಥಾನದ ಅಲ್ವರ್‌ನಲ್ಲಿ ಜರ್ಮನಿಯ ಯುವತಿಯ ಮೇಲೆ ಅತ್ಯಾಚಾರ ಎಸಗಿ 2006ರಲ್ಲಿ ಏಳು ವರ್ಷದ ಶಿಕ್ಷೆ ಪಡೆದ ಬಿಟ್ಟಿ ಮೊಹಾಂತಿ, ಅದೇ ವರ್ಷ ತಾಯಿಯನ್ನು ನೋಡಲು ಹದಿನೈದು ದಿನದ ಪೆರೋಲ್ ಪಡೆದು ಕಾಣೆಯಾದ. ಜಾಮೀನು ನಿಂತಿದ್ದವರು ಅವನ ತಂದೆ, ಒಡಿಶಾದ ಹಿರಿಯ ಪೊಲೀಸ್ ಅಧಿಕಾರಿ. 2013ರ ಮಾರ್ಚ್‌ನಲ್ಲಿ ಅವನು ಸಿಕ್ಕಿದ್ದು ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ಬೇರೆ ಹೆಸರಿನಲ್ಲಿ ಬ್ಯಾಂಕ್ ಅಧಿಕಾರಿಯಾಗಿ. 1993ರ ಅದೇ ರೈಲು ಸ್ಫೋಟಗಳ ಇನ್ನೊಬ್ಬ ಅಪರಾಧಿ ಜಲೀಸ್ ಅನ್ಸಾರಿ 2020ರ ಜನವರಿಯಲ್ಲಿ, ಅಜ್ಮೇರ್ ಜೈಲಿಗೆ ಮರಳಬೇಕಾದ ಮುನ್ನಾದಿನ ಮುಂಬೈನಿಂದ ಕಾಣೆಯಾಗಿ, ಮರುದಿನ ಕಾನ್ಪುರದಲ್ಲಿ ಸಿಕ್ಕಿಬಿದ್ದ.

ಇಂಥ ಒಂದೊಂದು ಸುದ್ದಿಯೂ ಎಷ್ಟೋ ಅರ್ಜಿಗಳ ಮೇಲೆ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ಮರಳಿದ ಕೈದಿ ಸುದ್ದಿಯಾಗುವುದಿಲ್ಲ. ತಡವಾಗಿ ಬಂದವನಿಗೆ ಒಳಗೆ ಗಳಿಸಿದ ಶಿಕ್ಷೆಯ ಮಾಫಿ ಹೋಗಬಹುದು, ಮುಂದಿನ ಪೆರೋಲ್ ತಪ್ಪಬಹುದು, ಜಾಮೀನುದಾರನ ಹಣ ಮುಟ್ಟುಗೋಲಾಗಬಹುದು. ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯ್ದೆ, ರಜೆಯ ಮೇಲೆ ಹೋಗುವವರಿಗೆ ಅವರ ಒಪ್ಪಿಗೆಯ ಮೇರೆಗೆ ಜಾಡು ಹಿಡಿಯುವ ಎಲೆಕ್ಟ್ರಾನಿಕ್ ಸಾಧನ ತೊಡಿಸುವ ಮಾತಾಡುತ್ತದೆ. ಪಹಣಿ ಹಿಡಿದು ಬರುವ ನೆಂಟರಿಲ್ಲದ ಬಡ ಕೈದಿಗೆ ಅದೇ ಒಂದು ಜಾಮೀನಾದರೂ ಆದೀತು. ಕಾಲಿಗೆ ಅದನ್ನು ಕಟ್ಟಿಕೊಂಡು ಮಗಳ ಮದುವೆಯ ಚಪ್ಪರದಲ್ಲಿ ಓಡಾಡುವವನ ಮುಜುಗರವನ್ನೂ ಎಣಿಸಬೇಕಾಗುತ್ತದೆ.

ಮನೆಯೊಳಗೆ

ಕಾನೂನಿನ ಪುಸ್ತಕಗಳು ಪೆರೋಲಿನ ಉದ್ದೇಶವನ್ನು ಚೆನ್ನಾಗಿಯೇ ಹೇಳುತ್ತವೆ: ಕುಟುಂಬದ ನಂಟು ಕಡಿಯದಿರಲಿ, ಬದುಕಿನ ಆಸೆ ಬತ್ತದಿರಲಿ, ನಿರಂತರ ಸೆರೆವಾಸದ ಕೆಡುಕು ತಟ್ಟದಿರಲಿ. ಮನೆಯಲ್ಲಿ ಅದು ಒರಟಾಗಿ ನಡೆಯುತ್ತದೆ. ಬಿಟ್ಟುಹೋದಾಗ ತೊಟ್ಟಿಲಲ್ಲಿದ್ದ ಮಗು ಈಗ ‘ಇವರು ಯಾರವ್ವಾ?’ ಎಂದು ಕೇಳುತ್ತದೆ. ಮನೆಯ ವ್ಯವಹಾರ ಹೆಂಡತಿಯ ಕೈಗೆ ಬಂದಿದೆ, ಸಂಘದ ಸಾಲ ಅವಳೇ ತೀರಿಸಿದ್ದಾಳೆ. ಬಂದವನು ಯಜಮಾನಿಕೆ ತೋರಿಸಹೋದರೆ ಎರಡನೆಯ ದಿನವೇ ಮಾತು ಬಿರುಸಾಗುತ್ತದೆ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಿರುತ್ತಾರೆ. ನಸುಕಿನಲ್ಲಿ ಎಣಿಕೆಗೆ ಎದ್ದು ನಿಂತು ರೂಢಿಯಾದವನಿಗೆ ಊರಿನ ಬೆಳಗು ಕೆಲಸವಿಲ್ಲದೆ ಉದ್ದವಾಗಿ ಕಾಣುತ್ತದೆ. ದುಡಿಯೋಣವೆಂದರೆ ಕಟ್ಟುನಿಟ್ಟಿನ ದಿನಾಂಕವಿರುವವನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಕರ್ನಾಟಕದ ಜೈಲುಗಳಲ್ಲಿ ದುಡಿಯುವವರಿಗೆ ಈಗ ದಿನಕ್ಕೆ 500 ರೂಪಾಯಿ ದಾಟಿದ ಕೂಲಿ ಇದೆ. ಪೆರೋಲಿನ ದಿನಗಳಿಗೆ ಅದೂ ಇಲ್ಲ.

ಅದೇ ಊರಿನಲ್ಲಿ ಇನ್ನೊಂದು ಮನೆ ಇರುತ್ತದೆ, ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆ. ಅವರಿಗೆ ಕೊಂದವನು ಸಂತೆಯಲ್ಲಿ ಎದುರಾಗುತ್ತಾನೆ. ಅವರ ಅಂಜಿಕೆ ನಮ್ಮ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಪೊಲೀಸ್ ವರದಿಯ ಒಂದು ಸಾಲಾಗಿ ಮುಗಿದುಹೋಗುತ್ತದೆ. ಅರ್ಜಿ ತಿರಸ್ಕರಿಸಲು ಅದನ್ನು ಬಳಸುವವರು ಬಹಳ, ಅವರ ಮನೆ ಬಾಗಿಲಿಗೆ ಹೋಗಿ ‘ಇಂಥ ದಿನ ಬರುತ್ತಾನೆ, ಇಂಥ ದಿನ ಹೋಗುತ್ತಾನೆ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ’ ಎಂದು ಹೇಳಿಬರುವವರು ವಿರಳ. ಪೆರೋಲ್ ಕೊಡುವುದನ್ನೂ ಸಂತ್ರಸ್ತರನ್ನು ಕಾಯುವುದನ್ನೂ ಒಟ್ಟಿಗೆ ಮಾಡಲು ಬರುತ್ತದೆ. ಎರಡನ್ನೂ ಎದುರುಬದುರು ನಿಲ್ಲಿಸಿರುವುದು ಆಡಳಿತದ ಸೋಮಾರಿತನ.

ದೊಡ್ಡ ಬಿಡುಗಡೆಯ ಮುನ್ನ

ಸರಿಯಾಗಿ ಹೋಗಿಬಂದ ಪೆರೋಲ್‌ಗಳು ಕೈದಿಯ ಕಡತದಲ್ಲಿ ಸೇರುತ್ತ ಹೋಗುತ್ತವೆ. ಹದಿನಾಲ್ಕು ವರ್ಷ ತುಂಬಿದ ಮೇಲೆ ಅವಧಿಪೂರ್ವ ಬಿಡುಗಡೆಗೆ ಹೆಸರು ಬಂದಾಗ ಸಮಿತಿ ನೋಡುವುದರಲ್ಲಿ ಅದೂ ಒಂದು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ಜನಜನಿತ ನಂಬಿಕೆ ತಪ್ಪು. ಅದು ಬದುಕಿರುವವರೆಗಿನ ಶಿಕ್ಷೆ ಎಂದು ಗೋಪಾಲ ಗೋಡ್ಸೆ ಪ್ರಕರಣದಲ್ಲಿ 1961ರಲ್ಲೇ ತೀರ್ಮಾನವಾಗಿದೆ. ಹದಿನಾಲ್ಕು ವರ್ಷ ಕೇಳುವ ಅರ್ಹತೆಯಷ್ಟೇ.

ಆ ಅರ್ಹತೆಯೂ ಇಲ್ಲದ ಶಿಕ್ಷೆಯೊಂದು ನಮ್ಮ ಬೆಂಗಳೂರಿನ ಪ್ರಕರಣದಿಂದ ಹುಟ್ಟಿತು. 1991ರಲ್ಲಿ ಪತ್ನಿ ಶಾಕೆರೆ ಅವರನ್ನು ಕೊಂದು ಮನೆಯ ಅಂಗಳದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಬದಲಿಸಿ, ಉಸಿರಿರುವವರೆಗೆ ಹೊರಬರದಂಥ ಜೀವಾವಧಿ ವಿಧಿಸಿತು. ತನಗೆ ಇಷ್ಟು ವರ್ಷದಲ್ಲಿ ಒಂದು ದಿನದ ಪೆರೋಲೂ ಸಿಕ್ಕಿಲ್ಲವೆಂದು ಹೇಳಿಕೊಂಡು ಆತ ಬಿಡುಗಡೆ ಕೋರಿದ ಅರ್ಜಿ 2024ರಲ್ಲಿ ವಜಾ ಆಯಿತು.

ಉಳಿದವರ ವಿಷಯದಲ್ಲಿ 2025ರ ಫೆಬ್ರುವರಿ 18ರ ಸುಪ್ರೀಂ ಕೋರ್ಟ್ ಆದೇಶ ಮುಖ್ಯ. ರಾಜ್ಯದಲ್ಲಿ ಬಿಡುಗಡೆಯ ನೀತಿ ಇದ್ದರೆ, ಅರ್ಹನಾದ ಕೈದಿ ಅರ್ಜಿ ಹಾಕಲಿ ಬಿಡಲಿ, ಸರ್ಕಾರವೇ ಅವನ ಹೆಸರನ್ನು ಪರಿಗಣಿಸಬೇಕು. ಬೇಡವೆಂದರೆ ಚುಟುಕಾಗಿಯಾದರೂ ಕಾರಣ ಬರೆದು ಅವನಿಗೆ ತಿಳಿಸಬೇಕು. ಪೆರೋಲಿಗೆ ಇಂಥ ಕಟ್ಟಳೆ ಇನ್ನೂ ಬಂದಿಲ್ಲ, ಅಲ್ಲಿ ಕೇಳಿದವರಿಗಷ್ಟೇ. ಕೇಳಲು ವಕೀಲರಿಗೆ ದುಡ್ಡು ಸುರಿಯಬೇಕಿಲ್ಲ. ಸೆರೆಯಲ್ಲಿರುವ ಯಾರಿಗಾದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಪ್ರತಿ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರವೇ ಅರ್ಜಿ ಬರೆಸಿಕೊಡಬೇಕು. ತಿರಸ್ಕಾರದ ಆದೇಶ ಬಂದರೆ ಅದರ ಪ್ರತಿಯನ್ನು ಕೇಳಿ ಇಟ್ಟುಕೊಳ್ಳುವುದನ್ನು ಮನೆಯವರು ಮರೆಯಬಾರದು; ಹೈಕೋರ್ಟಿನಲ್ಲಿ ಪ್ರಶ್ನಿಸಲು ಮೊದಲು ಬೇಕಾಗುವುದು ಅದೇ ಕಾಗದ.